ಕಾಗದದ ಲೇಸಿನಡಿಯ ಕೈಗಳು

ಮನೆಯಲ್ಲೇ ಕೂತು ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರ ದುಡಿಮೆಯ ಬಗ್ಗೆ ಓದುತ್ತಿದ್ದಾಗ ನನಗೆ ಎದುರಾದ ಹೆಸರು ಎಸ್ತರ್ ಹೌಲ್ಯಾಂಡ್. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನವಳು. ತಂದೆಯದು ಪುಸ್ತಕ, ಕಾಗದದ ಅಂಗಡಿ. 1847ರಲ್ಲಿ ಓದು ಮುಗಿಸಿ ಬಂದವಳ ಕೈಗೆ ಇಂಗ್ಲೆಂಡಿನ ವ್ಯಾಲೆಂಟೈನ್ ಕಾರ್ಡೊಂದು ಸಿಕ್ಕಿತು. ಇದನ್ನು ತಾನೂ ಮಾಡಬಲ್ಲೆ ಎನಿಸಿತು. ಮಾದರಿಗಳನ್ನು ಊರೂರಿಗೆ ಒಯ್ದ ಸೋದರ ಐದು ಸಾವಿರ ಡಾಲರಿಗೂ ಮಿಕ್ಕಿದ ಬೇಡಿಕೆ ತಂದನಂತೆ.

ಅವಳ ಕಾರ್ಡಿನ ಸೊಗಸು ಇರುವುದು ಪದರಗಳಲ್ಲಿ. ಬಿಳಿ ಕಾಗದದ ಲೇಸು ಎದ್ದು ಕಾಣಲೆಂದು ಅದರಡಿ ಹೊಳೆಯುವ ಬಣ್ಣದ ಚೂರು. ಪದರಗಳ ನಡುವೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಚಿದ ಪುಟ್ಟ ಕಾಗದದ ಸ್ಪ್ರಿಂಗು. ಅದು ಲೇಸನ್ನು ಮೇಲೆತ್ತುತ್ತದೆ, ಕೆಳಗೆ ನೆರಳು ಬೀಳುತ್ತದೆ.

ಈ ಕೆಲಸವನ್ನು ಅವಳು ಹಂಚಿದಳು. ಒಬ್ಬಳು ಚಿತ್ರ ಕತ್ತರಿಸಿದರೆ ಇನ್ನೊಬ್ಬಳು ಹಿನ್ನೆಲೆ ಜೋಡಿಸುವಳು, ಮತ್ತೊಬ್ಬಳು ಅಂಟಿಸುವಳು. ಬರಲಾಗದವರ ಮನೆಗೇ ಸಾಮಾನಿನ ಪೆಟ್ಟಿಗೆ ಹೋಗುತ್ತಿತ್ತು. ನಮ್ಮ ಊದುಬತ್ತಿಯ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದೇ.

1881ರಲ್ಲಿ ಅವಳು ವ್ಯವಹಾರವನ್ನು ಜಾರ್ಜ್ ವಿಟ್ನಿಗೆ ಮಾರಿದಳು. ಅವಳ ಕಾರ್ಡುಗಳನ್ನು ಇಂದು ಗುರುತಿಸುವುದು ಹಿಂಬದಿಯ ಕೆಂಪು ‘ಎಚ್’ ಅಕ್ಷರದಿಂದ. ಸ್ಪ್ರಿಂಗು ಮಡಚಿದವಳಿಗೆ ಅಂಥ ಅಕ್ಷರವಿಲ್ಲ. ನಾನು ಈ ಕಾರ್ಡುಗಳನ್ನು ನೋಡಿರುವುದು ಕಂಪ್ಯೂಟರ್ ಪರದೆಯ ಮೇಲೆ. ಅಲ್ಲಿ ಲೇಸು, ಬಣ್ಣ ಎಲ್ಲವೂ ಕಾಣುತ್ತವೆ. ಆ ಎತ್ತರ ಮಾತ್ರ ಚಪ್ಪಟೆಯಾಗಿಬಿಡುತ್ತದೆ. ಅವಳ ದುಡಿಮೆಗೆ ಉಳಿದಿರುವ ಸಾಕ್ಷಿ ಆ ಎತ್ತರವೊಂದೇ.