ಎರಡು ಗಂಟೆಗೊಮ್ಮೆ ಮಗ್ಗುಲು: ಬೆನ್ನುಹುರಿ ಆರೈಕೆಯಲ್ಲಿ ದಾದಿಯರ ಚರಿತ್ರೆ

ಮೊದಲನೆಯ ಮಹಾಯುದ್ಧದಲ್ಲಿ (1914-18) ಬೆನ್ನುಹುರಿಗೆ ಗುಂಡು ತಗಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಲ್ಲಿ ಹೆಚ್ಚಿನವರು ಕೆಲವೇ ವಾರ, ತಿಂಗಳುಗಳಲ್ಲಿ ತೀರಿಕೊಂಡರು. ಅವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಗುಂಡಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ನಂಜು.

ಹಾಸಿಗೆ ಹುಣ್ಣು ಹೇಗಾಗುತ್ತದೆ? ನಾವು ನಿದ್ದೆಯಲ್ಲೂ ನಮಗರಿವಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಒಂದೇ ಕಡೆ ಭಾರ ಬಿದ್ದರೆ ನೋವಾಗುತ್ತದೆ, ಹೊರಳುತ್ತೇವೆ. ಬೆನ್ನುಹುರಿ ತುಂಡಾದವರಿಗೆ ಆ ನೋವಿನ ಸುದ್ದಿ ಮಿದುಳಿಗೆ ತಲುಪುವುದೇ ಇಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ ಇವೇ ಮೊದಲು ಕೆಡುವ ಜಾಗಗಳು.

ಇದನ್ನು ವಿಧಿಯೆಂದು ಒಪ್ಪದವರಲ್ಲಿ ಪ್ರಮುಖರು ಲುಡ್ವಿಗ್ ಗುಟ್‌ಮನ್. ಯಹೂದಿಯಾದ ಈ ನರರೋಗ ತಜ್ಞರು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದರು. 1944ರ ಫೆಬ್ರವರಿ 1ರಂದು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಆರಂಭಿಸಿದರು. ರೋಗಿಗಳನ್ನು ಪ್ಲಾಸ್ಟರ್ ಕಟ್ಟಿನೊಳಗೆ ಮಲಗಿಸಿಡುವ ಪದ್ಧತಿಯನ್ನು ಕೈಬಿಟ್ಟರು. ಹಗಲಿರಲಿ, ರಾತ್ರಿಯಿರಲಿ, ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಬೇಕು, ಚರ್ಮ ನೋಡಬೇಕು ಎಂಬುದು ಅವರ ಕಟ್ಟಪ್ಪಣೆ. ರಾತ್ರಿ ತಾವೇ ವಾರ್ಡಿಗೆ ಬಂದು ಪರೀಕ್ಷಿಸುತ್ತಿದ್ದರು. ಪೆನಿಸಿಲಿನ್ ಕೂಡ ಸಹಾಯಕ್ಕೆ ಬಂತು. ಆದರೆ ಹಗಲು ರಾತ್ರಿ ರೋಗಿಯನ್ನು ಎತ್ತಿ ಹೊರಳಿಸಿದ್ದು ದಾದಿಯರ, ವಾರ್ಡ್ ಸಹಾಯಕರ ಕೈಗಳು. ಹುಣ್ಣು ಮಾಗಿದವರು ವ್ಯಾಯಾಮ ಮಾಡಿದರು, ಕೆಲಸ ಕಲಿತರು. 1948ರ ಜುಲೈ 29ರಂದು ಅಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ವಿದ್ಯೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ.

ಮುಂದಿನ ಹೆಜ್ಜೆ ದಾದಿಯರದ್ದೇ. ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ವೃದ್ಧ ರೋಗಿಗಳನ್ನು ಅಭ್ಯಸಿಸಿ 1962ರಲ್ಲಿ ಒಂದು ಅಳತೆಪಟ್ಟಿ ಪ್ರಕಟಿಸಿದರು. ದೇಹಸ್ಥಿತಿ, ಮನಃಸ್ಥಿತಿ, ನಡೆದಾಟ, ಅಂಗಚಲನೆ, ಮಲಮೂತ್ರ ಹಿಡಿತ ಈ ಐದಕ್ಕೆ ಅಂಕ. ಒಟ್ಟು 20ರಲ್ಲಿ 14 ಅಥವಾ ಕಡಿಮೆ ಬಂದರೆ ಅಪಾಯ. ಹುಣ್ಣಾದ ಮೇಲೆ ಔಷಧಿ ಹಚ್ಚುವುದರ ಬದಲು ಯಾರಿಗೆ ಆಗಬಹುದೆಂದು ಮೊದಲೇ ತಿಳಿಯುವ ದಾರಿ ಇದು. ಕ್ರಮೇಣ ಗಾಯದ ಆರೈಕೆಯೇ ದಾದಿಯರ ವಿಶೇಷ ವಿದ್ಯೆಯಾಯಿತು.

ಇಂದು ಬೆನ್ನುಹುರಿ ತಂಡದಲ್ಲಿ ಗಾಯದ ನರ್ಸ್ ಹುಣ್ಣಿನ ಉದ್ದ, ಆಳ ಅಳೆದು ಬರೆದಿಡುತ್ತಾರೆ, ತಕ್ಕ ಡ್ರೆಸ್ಸಿಂಗ್ ಆರಿಸುತ್ತಾರೆ, ಮನೆಯವರಿಗೆ ಕಲಿಸುತ್ತಾರೆ. ಗಾಲಿಕುರ್ಚಿಯ ಮೆತ್ತೆಯ ಬಗ್ಗೆ ಫಿಸಿಯೋಥೆರಪಿಸ್ಟರ ಜೊತೆ, ಆಹಾರದ ಬಗ್ಗೆ ಆಹಾರತಜ್ಞರ ಜೊತೆ, ಆಪರೇಷನ್ ಬೇಕಾದರೆ ಸರ್ಜನ್ನರ ಜೊತೆ ಮಾತಾಡುತ್ತಾರೆ.

ಭಾರತದಲ್ಲಿ ಇಂಥ ಒಟ್ಟು ಆರೈಕೆಗೆ ದಾರಿ ಮಾಡಿದವರಲ್ಲಿ ನಮ್ಮ ಕೇರಳದ ಡಾ. ಮೇರಿ ವರ್ಗೀಸ್ ಒಬ್ಬರು. 1954ರ ವಾಹನ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರೂ ಗಾಲಿಕುರ್ಚಿಯಿಂದಲೇ ವೈದ್ಯವೃತ್ತಿ ಮುಂದುವರಿಸಿದರು. 1966ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ಕೇಂದ್ರ ಅವರ ಮುಂದಾಳುತನದಲ್ಲಿ ಆರಂಭವಾಯಿತು.

ನಮ್ಮ ಊರುಗಳಲ್ಲೂ ಮರದಿಂದ ಬಿದ್ದು ಮಲಗಿದವರಿದ್ದಾರೆ. ಅಂಥವರಿರುವ ಮನೆಯವರು ಬೆಳಿಗ್ಗೆ, ಸಂಜೆ ಮೂಳೆ ಎದ್ದ ಜಾಗಗಳನ್ನು ನೋಡಿರಿ. ಕೆಂಪು ಆರದಿದ್ದರೆ, ಕಪ್ಪು ಮೈಬಣ್ಣದವರಲ್ಲಿ ಆ ಜಾಗ ಬಿಸಿಯಾಗಿ ಅಥವಾ ಗಟ್ಟಿಯಾಗಿ ತೋರಿದರೆ, ಅದರ ಮೇಲೆ ಭಾರ ಬಿಡದೆ ಕೂಡಲೇ ಆಸ್ಪತ್ರೆಯ ನರ್ಸಿಗೆ ಅಥವಾ ವೈದ್ಯರಿಗೆ ತೋರಿಸಿರಿ. ಚರ್ಮ ಒಡೆಯುವ ತನಕ ಕಾಯಬೇಡಿರಿ.