ಕೈತಯಾರಿ ಆಟಿಕೆ ಬಂದೂಕು

ಕೈತಯಾರಿ ಆಟಿಕೆ ಬಂದೂಕು ಎಂದರೆ ಬಿದಿರು, ಕೊಳವೆ, ಸ್ಪ್ರಿಂಗ್, ರಬ್ಬರ್ ಮುಂತಾದ ಅಗ್ಗದ ವಸ್ತುಗಳಿಂದ ಮನೆಯಲ್ಲಿಯೇ ಮಾಡಿಕೊಳ್ಳುವ, ಸಣ್ಣ ಕಾಯಿ ಅಥವಾ ಪ್ಲಾಸ್ಟಿಕ್ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುವ ಸಾಧನ. ಕರ್ನಾಟಕದ ಮಲೆನಾಡು ಮತ್ತು ಕರಾವಳಿಯಲ್ಲಿ ಪೆಟ್ಲು, ಪೆಟ್ಲಂಡೆ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಬಿದಿರಿನ ಆಟಿಕೆ ಇದರ ಹಳೆಯ ರೂಪ. ಜಪಾನಿನಲ್ಲಿ ಹುಟ್ಟಿದ ‘ಏರ್‌ಸಾಫ್ಟ್’ ಬಂದೂಕು ಹಾಗೂ ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದ ಅದನ್ನು ಅನುಕರಿಸಿ ಮಾಡುವ ಸಾಧನಗಳು ಇದರ ಹೊಸ ರೂಪಗಳು. ಎರಡರಲ್ಲಿಯೂ ಕೆಲಸ ಮಾಡುವ ತತ್ತ್ವ ಒಂದೇ. ಗುಂಡಿನ ವೇಗ, ನೋಟ ಮತ್ತು ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅವು ಬಹಳ ದೂರದವು.

ಪೆಟ್ಲು

ಬೆರಳು ಗಾತ್ರದ ಬಿದಿರು ಅಥವಾ ವಾಟೆಯ ಎರಡು ಗೆಣ್ಣುಗಳ ನಡುವಿನ ಭಾಗವನ್ನು ಕತ್ತರಿಸಿದರೆ ಎರಡೂ ಕಡೆ ತೆರೆದ ಕೊಳವೆ ಸಿಗುತ್ತದೆ. ಅದರೊಳಗೆ ಸರಾಗವಾಗಿ ಹೋಗುವ, ಆದರೆ ಕೊಳವೆಗಿಂತ ತುಸು ಗಿಡ್ಡದಾದ ಕಡ್ಡಿಗೆ ಒಂದು ಹಿಡಿಕೆಯನ್ನು ಸೇರಿಸಿದರೆ ಪೆಟ್ಲು ಸಿದ್ಧ. ಗುಂಡಿನ ಜಾಗದಲ್ಲಿ ಕಾಡಿನ ಹಸಿ ಕಾಯಿಯನ್ನೋ ನೀರಿನಲ್ಲಿ ನೆನೆಸಿ ಉಂಡೆ ಮಾಡಿದ ಕಾಗದವನ್ನೋ ಬಳಸುತ್ತಾರೆ. ಮೊದಲ ಕಾಯಿಯನ್ನು ಕಡ್ಡಿಯಿಂದ ಕೊಳವೆಯ ತುದಿಯವರೆಗೆ ತಳ್ಳಿ ಅಲ್ಲಿಯೇ ಬಿಡಬೇಕು. ಎರಡನೆಯ ಕಾಯಿಯನ್ನು ಹಿಂದಿನಿಂದ ತುರುಕಿ ರಭಸದಿಂದ ತಳ್ಳಿದಾಗ ಎರಡರ ನಡುವೆ ಸಿಕ್ಕಿದ ಗಾಳಿ ಕುಗ್ಗುತ್ತದೆ, ಅದರ ಒತ್ತಡ ಏರುತ್ತದೆ, ಮುಂದಿನ ಕಾಯಿ ‘ಟಪ್’ ಎಂದು ಸಿಡಿದು ಹೋಗುತ್ತದೆ. ಹಿಂದಿನ ಕಾಯಿ ಈಗ ತುದಿಗೆ ಬಂದು ನಿಂತಿರುವುದರಿಂದ ಮುಂದಿನ ಹೊಡೆತಕ್ಕೆ ಅದೇ ಗುಂಡು. ಕಡ್ಡಿ ಕೊಳವೆಗಿಂತ ಗಿಡ್ಡದಿರಬೇಕಾದ ಕಾರಣವೂ ಇದೇ: ಉದ್ದವಾದರೆ ಎರಡನೆಯ ಕಾಯಿಯೂ ಹೊರಗೆ ಬೀಳುತ್ತದೆ.

ನಡುವಿನ ಗಾಳಿಯ ಉದ್ದ 18 ಸೆಂ.ಮೀ. ಇದ್ದದ್ದು 6 ಸೆಂ.ಮೀ.ಗೆ ಇಳಿದರೆ, ಸೋರಿಕೆ ಇಲ್ಲವೆಂದುಕೊಂಡರೆ, ಒತ್ತಡ ಸುಮಾರು ಮೂರು ಪಟ್ಟಾಗುತ್ತದೆ. ಪಠ್ಯಪುಸ್ತಕದ ಬಾಯ್ಲ್ ನಿಯಮಕ್ಕೆ ಇದಕ್ಕಿಂತ ಸುಲಭವಾದ ಪ್ರಯೋಗ ಸಿಗುವುದು ಕಷ್ಟ. ಬಿಡಾರದ ಹಿಂದೆ ಬಿದಿರು ಬೆಳೆಯುವ ನಾಡಿನ ಮಕ್ಕಳು ಈ ನಿಯಮದ ಹೆಸರು ಕೇಳುವ ಮೊದಲೇ ಅದನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಇದೇ ಬಗೆಯ ಆಟಿಕೆ ಛತ್ತೀಸಗಢದ ಬಸ್ತರ್‌ನಲ್ಲಿ ‘ತುಪ್ಕಿ’ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಜಗದಲಪುರದ ಗೋಂಚಾ ರಥೋತ್ಸವದಲ್ಲಿ ಜನರು ಪರಸ್ಪರ ಕಾಯಿ ಹಾರಿಸಿಕೊಳ್ಳುವುದು ಅಲ್ಲಿಯ ಸಂಪ್ರದಾಯ.

ಬಯಲುಸೀಮೆಯಲ್ಲಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳು ಕಪ್ಪು ಮಣ್ಣಿನ ಒಣ ಬೇಸಾಯದ ಸೀಮೆ. ತೊಗರಿ, ಜೋಳ, ಸೂರ್ಯಕಾಂತಿ ಇಲ್ಲಿಯ ಮುಖ್ಯ ಬೆಳೆಗಳು. ಬಿದಿರಿನ ಮೆಳೆಗಳು ಇಲ್ಲಿಯ ಭೂದೃಶ್ಯದಲ್ಲಿ ಇಲ್ಲ. ಆದ್ದರಿಂದ ಇಲ್ಲಿ ‘ಹೊಡೆಯುವ ಸಾಧನ’ವನ್ನು ಮನೆಯಲ್ಲಿ ಮಾಡಿಕೊಳ್ಳುವ ಹಳೆಯ ಪದ್ಧತಿ ಆಟಕ್ಕಿಂತ ಹೆಚ್ಚಾಗಿ ಹೊಲಕ್ಕೆ ಸೇರಿದ್ದು. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಗಿಳಿ, ಗುಬ್ಬಿಗಳ ಹಿಂಡುಗಳಿಂದ ತೆನೆಯನ್ನು ಕಾಯಲು ಹೊಲದ ನಡುವೆ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ನೂಲಿನಿಂದ ಹೆಣೆದ ಎರಡು ಎಳೆ ಮತ್ತು ನಡುವೆ ಕಲ್ಲು ಕೂರುವ ಅಗಲವಾದ ಪಟ್ಟಿ, ಇಷ್ಟೇ ಕವಣೆ. ಎಳೆ ಬೀಸುವ ಕೈಯ ಉದ್ದವನ್ನು ಹೆಚ್ಚಿಸುವುದರಿಂದ ಬರಿಗೈಯಲ್ಲಿ ಎಸೆದದ್ದಕ್ಕಿಂತ ಕಲ್ಲು ಬಹಳ ದೂರ ಹೋಗುತ್ತದೆ.

ಕವಣೆಯನ್ನು ಆಟದ ಸಾಮಾನೆಂದು ಯಾರೂ ಎಣಿಸುತ್ತಿರಲಿಲ್ಲ. 50 ಗ್ರಾಂ ತೂಕದ ಕಲ್ಲು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿ 22.5 ಜೂಲ್ ಶಕ್ತಿ ಇರುತ್ತದೆ. ಮುಂದೆ ಹೇಳುವ ಏರ್‌ಸಾಫ್ಟ್ ಗುಂಡಿನ ಶಕ್ತಿಗಿಂತ ಇದು ಇಪ್ಪತ್ತು ಪಟ್ಟಿಗೂ ಮಿಗಿಲು.

ಆಟಿಕೆ ಪಿಸ್ತೂಲು ಈ ತಾಲೂಕುಗಳಿಗೆ ಬಂದದ್ದು ಮುಖ್ಯವಾಗಿ ಜಾತ್ರೆ, ಉರುಸುಗಳ ಅಂಗಡಿಗಳ ಮೂಲಕ. ರೀಲು ಪಟಾಕಿ ಸಿಡಿಸುವ ತಗಡಿನ ಪಿಸ್ತೂಲಿನ ಜಾಗಕ್ಕೆ ಪ್ಲಾಸ್ಟಿಕ್ ಗುಂಡು ಹಾರಿಸುವ ಸ್ಪ್ರಿಂಗ್ ಪಿಸ್ತೂಲು ಬಂದ ಮೇಲೆ ಸದ್ದಿನ ಆಟಿಕೆ ಗುಂಡಿನ ಆಟಿಕೆಯಾಯಿತು.

ಏರ್‌ಸಾಫ್ಟ್

ಜಪಾನಿನಲ್ಲಿ ಸಾಮಾನ್ಯ ನಾಗರಿಕರು ನಿಜವಾದ ಬಂದೂಕು ಹೊಂದುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ. ಅದರ ಹಿನ್ನೆಲೆಯಲ್ಲಿ 1970ರ ದಶಕದಲ್ಲಿ, ನೋಟಕ್ಕೆ ನಿಜವಾದ ಬಂದೂಕನ್ನೇ ಹೋಲುವ, ಪ್ಲಾಸ್ಟಿಕ್ ಗುಂಡು ಹಾರಿಸುವ ಪ್ರತಿಕೃತಿಗಳು ಅಲ್ಲಿ ಬಳಕೆಗೆ ಬಂದವು. 1991ರಲ್ಲಿ ಟೋಕಿಯೊ ಮರುಯಿ ಕಂಪನಿಯು ಬ್ಯಾಟರಿಯಿಂದ ನಡೆಯುವ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇದೊಂದು ತಂಡದ ಆಟವಾಗಿ ಬೇರೆ ದೇಶಗಳಿಗೂ ಹರಡಿತು.

ಗುಂಡಿನ ವ್ಯಾಸ ಸಾಮಾನ್ಯವಾಗಿ 6 ಮಿ.ಮೀ., ತೂಕ 0.12ರಿಂದ 0.20 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಸ್ಪ್ರಿಂಗ್ ಮಾದರಿಯಲ್ಲಿ ಹಿಂದಕ್ಕೆ ಎಳೆದ ಸ್ಪ್ರಿಂಗ್ ಬಿಡುಗಡೆಯಾದಾಗ ಸಿಲಿಂಡರಿನೊಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಕುಗ್ಗಿಸುತ್ತದೆ, ಆ ಗಾಳಿ ಗುಂಡನ್ನು ನಳಿಕೆಯಿಂದ ಹೊರದೂಡುತ್ತದೆ. ಪೆಟ್ಲಿನ ಎರಡನೆಯ ಕಾಯಿಯೇ ಇಲ್ಲಿ ಪಿಸ್ಟನ್ ಆಗಿದೆ. ಕೈಯ ಬಲದ ಜಾಗದಲ್ಲಿ ಸ್ಪ್ರಿಂಗ್ ಇದೆ. ನಳಿಕೆಯ ಬುಡದಲ್ಲಿರುವ ಸಣ್ಣ ರಬ್ಬರ್ ಉಬ್ಬು ಗುಂಡನ್ನು ಹಿಮ್ಮುಖವಾಗಿ ತಿರುಗಿಸುವುದರಿಂದ ಅದು ಬೇಗನೆ ನೆಲಕ್ಕೆ ಬೀಳದೆ ಹೆಚ್ಚು ದೂರ ನೇರವಾಗಿ ಹೋಗುತ್ತದೆ.

0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೂಲ್. ಜಪಾನಿನಲ್ಲಿ 2006ರಲ್ಲಿ ಮಾಡಿದ ಕಾನೂನು ತಿದ್ದುಪಡಿಯ ಪ್ರಕಾರ 6 ಮಿ.ಮೀ. ಗುಂಡಿಗೆ ಮಿತಿ ಇದಕ್ಕಿಂತ ತುಸು ಕಡಿಮೆ. ಬ್ರಿಟನ್ನಿನಲ್ಲಿ ಒಂದೊಂದಾಗಿ ಹಾರಿಸುವ ಮಾದರಿಗೆ 2.5 ಜೂಲ್, ಸತತವಾಗಿ ಹಾರಿಸುವುದಕ್ಕೆ 1.3 ಜೂಲ್ ಎಂಬ ಮಿತಿಗಳಿವೆ.

ಹಾರ್ಡ್‌ವೇರ್ ಅಂಗಡಿಯ ಸಾಮಾನು

ಮನೆಯಲ್ಲಿ ಇಂಥ ಸಾಧನವನ್ನು ಮಾಡಹೊರಟವರು ಸಾಮಾನ್ಯವಾಗಿ ಪಿವಿಸಿ ಪೈಪು, ಇಂಜೆಕ್ಷನ್ ಸಿರಿಂಜು, ಸ್ಪ್ರಿಂಗ್, ರಬ್ಬರ್ ವಾಷರ್, ಸೈಕಲ್ ವಾಲ್ವು, ಎಂ-ಸೀಲ್ ಇವುಗಳನ್ನು ಆಶ್ರಯಿಸುತ್ತಾರೆ. ಸಿರಿಂಜು ಮತ್ತು ದುರ್ಬಲ ಸ್ಪ್ರಿಂಗಿನಿಂದ ಕಾಗದದ ಉಂಡೆ ಹಾರಿಸುವ ಮಾದರಿ ಪೆಟ್ಲಿನ ಹತ್ತಿರದ ಬಂಧು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಅದು ಒಪ್ಪುತ್ತದೆ. ಪೈಪಿನಲ್ಲಿ ಪಂಪಿನಿಂದ ಗಾಳಿ ತುಂಬಿಟ್ಟು ಒಮ್ಮೆಗೇ ಬಿಡುವ ಮಾದರಿಯ ವಿಷಯ ಬೇರೆ. ಅದರ ಅಪಾಯ ಎದುರಿಗಿದ್ದವನಿಗಿಂತ ಹಿಡಿದವನಿಗೇ ಮೊದಲು.

ಪೈಪಿನ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿಯನ್ನು ನೋಡಿ ಅನೇಕರು ಮೋಸಹೋಗುತ್ತಾರೆ. ಕುಡಿಯುವ ನೀರಿನ ಪಿವಿಸಿ ಪೈಪುಗಳಿಗೆ ಭಾರತೀಯ ಮಾನಕ ಐಎಸ್ 4985 ಅನ್ವಯಿಸುತ್ತದೆ; ಅದರಲ್ಲಿ ಹೇಳಿದ ಒತ್ತಡ ನೀರಿಗೆ ಸಂಬಂಧಿಸಿದ್ದು, ಗಾಳಿಗಲ್ಲ. ನೀರು ಒತ್ತಿದರೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಆದ್ದರಿಂದ ನೀರು ತುಂಬಿದ ಪೈಪು ಬಿರುಕುಬಿಟ್ಟರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ತಕ್ಷಣ ಇಳಿಯುತ್ತದೆ. ಗಾಳಿ ಹಾಗಲ್ಲ: ಅದು ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಪೈಪು ಒಡೆದ ಕ್ಷಣದಲ್ಲಿ ಆ ಶಕ್ತಿ ಬಿಡುಗಡೆಯಾಗಿ ಪೈಪಿನ ಚೂರುಗಳನ್ನು ರಭಸದಿಂದ ಹಾರಿಸುತ್ತದೆ. ಪಿವಿಸಿ ಬಾಗದೆ ಚೂರುಚೂರಾಗಿ ಸಿಡಿಯುವ ವಸ್ತು. ಬಿಸಿಲಿನಲ್ಲಿ ಬಹುಕಾಲ ಬಿದ್ದ ಪೈಪು ಇನ್ನಷ್ಟು ಗಡುಸಾಗಿರುತ್ತದೆ. ಪೈಪು ತಯಾರಕರೇ ತಮ್ಮ ಪಿವಿಸಿ ಪೈಪಿನಲ್ಲಿ ಒತ್ತಿದ ಗಾಳಿಯನ್ನು ತುಂಬಬಾರದೆಂದು ಎಚ್ಚರಿಸುವುದು ಇದಕ್ಕಾಗಿ.

ಕಾರ್ಬೈಡ್ ಬಂದೂಕು

ಪಿವಿಸಿ ಪೈಪಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಮತ್ತು ನೀರು ಸೇರಿದಾಗ ಹುಟ್ಟುವ ಅಸಿಟಿಲೀನ್ ಅನಿಲಕ್ಕೆ ಕಿಡಿ ತಾಗಿಸಿ ಸದ್ದು ಮಾಡುವ ಸಾಧನವನ್ನು ಮಂಗ ಮತ್ತು ಹಕ್ಕಿಗಳನ್ನು ಹೊಲದಿಂದ ಓಡಿಸಲು ರೈತರು ಬಳಸುವುದುಂಟು. ಕವಣೆಯ ಕೆಲಸವನ್ನು ಸದ್ದಿನಿಂದ ಮಾಡಿಸುವ ಉಪಾಯ ಇದು. ಇದು ಗಾಳಿಬಂದೂಕಲ್ಲ, ಸ್ಫೋಟಕ ಸಾಧನ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದನ್ನು ಮಕ್ಕಳ ಆಟಿಕೆಯಂತೆ ರಸ್ತೆಬದಿಯಲ್ಲಿ ಮಾರಲಾಯಿತು. ಭೋಪಾಲ್, ವಿದಿಶಾ ಮೊದಲಾದ ಕಡೆ ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು ಮತ್ತು ಹದಿಹರೆಯದವರು, ಕಣ್ಣಿನ ಗಾಯಗಳಿಂದ ಆಸ್ಪತ್ರೆ ಸೇರಿದರು. ಕೆಲವರು ದೃಷ್ಟಿ ಕಳೆದುಕೊಂಡರು. ಕಿಡಿ ಹೊತ್ತದಿದ್ದಾಗ ಏನಾಯಿತೆಂದು ಕೊಳವೆಯೊಳಗೆ ಇಣುಕಿ ನೋಡುವುದು ಇಂಥ ಗಾಯಗಳಿಗೆ ಒಂದು ಮುಖ್ಯ ಕಾರಣ.

ಕಣ್ಣಿಗೆ ಅಪಾಯ

ಕಣ್ಣಿನ ಗುಡ್ಡೆಯ ಸುತ್ತ ಮೂಳೆಯ ಅಂಚಿದೆ. ಟೆನಿಸ್ ಚೆಂಡಿನಂಥ ದೊಡ್ಡ ವಸ್ತು ಬಡಿದರೆ ಪೆಟ್ಟಿನ ಬಹುಭಾಗವನ್ನು ಆ ಮೂಳೆಯೇ ತಡೆಯುತ್ತದೆ. 6 ಮಿ.ಮೀ. ಗುಂಡಿಗೆ ಈ ತಡೆ ಇಲ್ಲ. ಅದು ನೇರವಾಗಿ ಗುಡ್ಡೆಗೇ ತಾಗುತ್ತದೆ. ಚರ್ಮದ ಮೇಲೆ ಕೆಂಪು ಗುರುತನ್ನಷ್ಟೇ ಮೂಡಿಸುವ ಗುಂಡು ಕಣ್ಣಿನೊಳಗೆ ರಕ್ತಸ್ರಾವ, ಮಸೂರದ ಪೊರೆ, ಅಕ್ಷಿಪಟಲ ಕಳಚುವಿಕೆ ಇವುಗಳಿಗೆ ಕಾರಣವಾಗಬಲ್ಲದು. ಆದ್ದರಿಂದ ಏರ್‌ಸಾಫ್ಟ್ ಆಟದಲ್ಲಿ ಪಾಲಿಕಾರ್ಬೊನೇಟ್ ಗಾಜಿನ, ಎಲ್ಲ ಕಡೆ ಮುಚ್ಚಿದ ಕನ್ನಡಕ ಕಡ್ಡಾಯ. ಸಾಧಾರಣ ಓದುವ ಕನ್ನಡಕ ಅಥವಾ ತಂಪು ಕನ್ನಡಕ ಇದಕ್ಕೆ ಬದಲಿಯಲ್ಲ.

ಕಾನೂನು

ಶಸ್ತ್ರಾಸ್ತ್ರ ಕಾಯ್ದೆ, 1959ರ ಎರಡನೆಯ ಕಲಮು ಬಂದೂಕನ್ನು ಸ್ಫೋಟಕದಿಂದ ಮಾತ್ರವಲ್ಲ, ಬೇರೆ ಯಾವುದೇ ಬಗೆಯ ಶಕ್ತಿಯಿಂದ ಗುಂಡು ಹಾರಿಸುವ ಸಾಧನವೆಂದೂ ವ್ಯಾಖ್ಯಾನಿಸುತ್ತದೆ. ಒತ್ತಿದ ಗಾಳಿಯೂ ಈ ಮಾತಿನೊಳಗೆ ಬರುತ್ತದೆ. ಅದೇ ಕಲಮು ಲಾಠಿ, ಊರುಗೋಲಿನಂಥ ಕೇವಲ ಗೃಹಕೃತ್ಯ ಅಥವಾ ಕೃಷಿಗೆಂದು ಮಾಡಿದ ವಸ್ತುಗಳನ್ನು, ಹಾಗೂ ಆಟಿಕೆಯಾಗಿ ಅಲ್ಲದೆ ಬೇರೆ ಯಾವ ರೀತಿಯಲ್ಲೂ ಬಳಸಲಾಗದ, ಕೆಲಸ ಮಾಡುವ ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುಗಳನ್ನು ಆಯುಧಗಳ ಪಟ್ಟಿಯಿಂದ ಹೊರಗಿಡುತ್ತದೆ. ಪೆಟ್ಲು ಈ ವಿನಾಯಿತಿಯೊಳಗೆ ನಿಶ್ಚಿಂತೆಯಿಂದ ನಿಲ್ಲುತ್ತದೆ. ಲೋಹದ ಕೊಳವೆ, ಬಲವಾದ ಸ್ಪ್ರಿಂಗ್, ಬದಲಾಯಿಸಬಹುದಾದ ಭಾಗಗಳುಳ್ಳ ಕೈತಯಾರಿ ಸಾಧನದ ವಿಷಯದಲ್ಲಿ ‘ಮಾರ್ಪಡಿಸಲಾಗದ’ ಎಂಬ ಮಾತನ್ನು ಸಾಧಿಸುವುದು ಸುಲಭವಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಗಾಳಿಬಂದೂಕುಗಳನ್ನು 20 ಜೂಲ್ ಶಕ್ತಿ ಮತ್ತು 4.5 ಮಿ.ಮೀ. ನಳಿಕೆ ಎಂಬ ಎರಡು ಅಳತೆಗಳಿಂದ ವಿಂಗಡಿಸುತ್ತವೆ. ಶಕ್ತಿ ಕಡಿಮೆಯಿದ್ದರೆ ಪರವಾನಗಿ ಬೇಡವೆಂಬ ಜನಪ್ರಿಯ ಮಾತು ಎರಡನೆಯ ಅಳತೆಯನ್ನು ಮರೆಯುತ್ತದೆ. ಏರ್‌ಸಾಫ್ಟ್ ನಳಿಕೆ 6 ಮಿ.ಮೀ.ಗಿಂತ ಅಗಲವಾದದ್ದು. ಪರವಾನಗಿಯಿಲ್ಲದೆ ಬಂದೂಕು ತಯಾರಿಸುವ ಅಪರಾಧಕ್ಕೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಶಿಕ್ಷೆ ಏಳು ವರ್ಷ. ಅಂಗಡಿಯಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ.

ನೋಟದ ಹೋಲಿಕೆಯೂ ಸಣ್ಣ ಮಾತಲ್ಲ. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನದಲ್ಲಿ ಏರ್‌ಸಾಫ್ಟ್ ಪ್ರತಿಕೃತಿಯನ್ನು ಹಿಡಿದಿದ್ದ 12 ವರ್ಷದ ಬಾಲಕನನ್ನು ಪೊಲೀಸರು ನಿಜವಾದ ಪಿಸ್ತೂಲೆಂದು ಭಾವಿಸಿ ಗುಂಡಿಕ್ಕಿದರು. ಆತ ಮರುದಿನ ಮೃತಪಟ್ಟ. ಆಟಿಕೆಯೆಂದು ತೋರಿಸುವ ಕಿತ್ತಳೆ ಬಣ್ಣದ ತುದಿ ಅದರಲ್ಲಿ ಇರಲಿಲ್ಲ.

ಪ್ರಥಮ ಚಿಕಿತ್ಸೆ

ಗುಂಡು ಕಣ್ಣಿಗೆ ಬಡಿದಾಗ ಕಣ್ಣನ್ನು ಉಜ್ಜಬಾರದು, ಒತ್ತಬಾರದು, ಮನೆಯ ಔಷಧಿ ಹಾಕಬಾರದು. ಒಂದು ಕಾಗದದ ಲೋಟದ ತಳವನ್ನು ಗುಡ್ಡೆಗೆ ತಾಗದಂತೆ ಮುಚ್ಚಿ ನೇತ್ರತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾರ್ಬೈಡ್ ಸಿಡಿದಾಗ ಕ್ರಮ ಬೇರೆ: ಸುಣ್ಣದಂಥ ಕ್ಷಾರ ಕಣ್ಣನ್ನು ಸುಡುತ್ತಲೇ ಇರುವುದರಿಂದ, ಕಾಣುವ ಹರಳುಗಳನ್ನು ಮೆಲ್ಲಗೆ ತೆಗೆದು, ತಡಮಾಡದೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದ ಮೇಲೆಯೇ ಹೊರಡಬೇಕು. ಆಳಂದ ಮತ್ತು ಜೇವರ್ಗಿಯಿಂದ ಜಿಲ್ಲಾ ಕೇಂದ್ರ ಕಲಬುರಗಿಗೆ ಸುಮಾರು 40 ಕಿ.ಮೀ., ಅಫಜಲಪುರದಿಂದ ಅದಕ್ಕಿಂತ ಹೆಚ್ಚು. ನೋವು ಕಡಿಮೆಯಾಯಿತೆಂದು ಮರುದಿನಕ್ಕೆ ಮುಂದೂಡಿದರೆ ಕಣ್ಣಿನೊಳಗಿನ ರಕ್ತಸ್ರಾವ ಗೊತ್ತಾಗದೆ ಉಳಿಯಬಹುದು.