ಒಲೆ ಬೇರೆಯಾದ ಮಾತ್ರಕ್ಕೆ

ಒಟ್ಟು ಕುಟುಂಬ ಒಡೆದುಹೋಯಿತು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದಕ್ಕೆ ಆಧಾರವೇನು ಎಂದು ಕೇಳುವ ಗೊಡವೆಗೆ ಯಾರೂ ಹೋಗುವುದಿಲ್ಲ. ಧಾರಾವಾಹಿಯಿಂದ ಹಿಡಿದು ವಿಚಾರ ಸಂಕಿರಣದವರೆಗೆ ಇದೇ ಹಾಡು. ಆದರೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಜನರನ್ನೂ ಮನೆಗಳನ್ನೂ ನೂರೈವತ್ತು ವರ್ಷಗಳಿಂದ ಎಣಿಸುತ್ತ ಬಂದವರ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಕಾಣುವುದು ಬೇರೆಯೇ ಚಿತ್ರ. ಒಡೆದದ್ದು ಮುಖ್ಯವಾಗಿ ಒಲೆ. ಜಮೀನು, ಸಾಲ, ದುಡಿಮೆ, ಮದುವೆ ಖರ್ಚು ಇವೆಲ್ಲ ಅಷ್ಟು ಸಲೀಸಾಗಿ ಒಡೆಯಲಿಲ್ಲ. ಬಹುಕಾಲ ನಮ್ಮ ಅಧ್ಯಯನಗಳು ಎಣಿಸಿದ್ದು ಒಲೆಗಳನ್ನು, ತೀರ್ಪು ಕೊಟ್ಟದ್ದು ಕುಟುಂಬದ ಬಗ್ಗೆ. ಈ ಎರಡರ ನಡುವಿನ ಅಂತರವನ್ನು ಗುರುತಿಸಲು ವಿದ್ವಾಂಸರಿಗೇ ಸಾಕಷ್ಟು ಕಾಲ ಹಿಡಿಯಿತು.

ಮೊದಲು ಎಣಿಸಿದವರಿಗೆ ಕುಟುಂಬದ ಕುತೂಹಲ ಇರಲೇ ಇಲ್ಲ. ಊರಲ್ಲಿ ಎಷ್ಟು ಮನೆ, ಎಷ್ಟು ಒಕ್ಕಲು, ಎಷ್ಟು ನೇಗಿಲು ಎಂಬ ಖಾನೇಷುಮಾರಿ ಕಂದಾಯದ ಅಗತ್ಯಕ್ಕೆ ಹುಟ್ಟಿದ ಲೆಕ್ಕ. 1871ರಲ್ಲಿ ಮೈಸೂರಿನಲ್ಲಿ ಕ್ರಮಬದ್ಧ ಜನಗಣತಿ ನಡೆದಾಗ ಸಿಕ್ಕ ಸಂಖ್ಯೆ ಸುಮಾರು 50 ಲಕ್ಷ. ನಡುವೆ 1876-78ರ ಮಹಾ ಬರಗಾಲ ಬಂತು, 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಅಲ್ಲಿಂದ ಮುಂದೆ ಜನಸಂಖ್ಯೆ ಎಂದರೆ ಬದುಕು ಸಾವಿನ ಪ್ರಶ್ನೆ, ಮನೆಯೊಳಗಿನ ವ್ಯವಸ್ಥೆ ಆಮೇಲಿನ ಮಾತು. ಆದರೂ ಆ ದಪ್ಪ ವರದಿಗಳಲ್ಲಿ ಒಂದು ಮುಜುಗರದ ಅಂಶ ಮತ್ತೆ ಮತ್ತೆ ತಲೆಹಾಕುತ್ತಿತ್ತು. 1911ರ ಅಖಿಲ ಭಾರತ ವರದಿಯನ್ನು ಬರೆದ ಇ. ಎ. ಗೇಟ್ ಒಂದು ಮನೆಗೆ ಸರಾಸರಿ 4.9 ಜನ ಎಂದು ಲೆಕ್ಕ ಕೊಟ್ಟು, ಇದು ಯುರೋಪಿನ ದೇಶಗಳಿಗಿಂತ ಬಹಳ ಬೇರೆಯಲ್ಲ ಎಂದು ಗಮನಿಸಿದ್ದರು. ಧರ್ಮಶಾಸ್ತ್ರದ ಪುಟಗಳಲ್ಲೂ ನ್ಯಾಯಾಲಯದ ತೀರ್ಪುಗಳಲ್ಲೂ ಇದ್ದ ದೊಡ್ಡ ಅವಿಭಕ್ತ ಕುಟುಂಬ ಎಣಿಕೆಯ ಹಾಳೆಯಲ್ಲಿ ಮಾತ್ರ ಸಿಗುತ್ತಿರಲಿಲ್ಲ. 1931ರ ಮೈಸೂರು ಜನಗಣತಿಯ ಹೊಣೆ ಹೊತ್ತ ಅಧಿಕಾರಿ ಎಂ. ವೆಂಕಟೇಶ ಅಯ್ಯಂಗಾರ್, ಅಂದರೆ ನಮ್ಮ ಮಾಸ್ತಿ. ಮನೆಯೊಳಗಿನ ಬದುಕನ್ನು ಅಷ್ಟು ಚೆನ್ನಾಗಿ ಬಲ್ಲ ಕತೆಗಾರನೂ ಜನಗಣತಿಯ ಚೌಕಟ್ಟಿನಲ್ಲಿ ಕೋಷ್ಟಕಗಳನ್ನೇ ತುಂಬಬೇಕಾಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹಳ್ಳಿಯಲ್ಲೇ ಉಳಿದು ಅಧ್ಯಯನ ಮಾಡುವವರು ಬಂದರು. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ಬೀಡುಬಿಟ್ಟು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರು. ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಗೆ ಸಿಕ್ಕವು, 1976ರ ಪುಸ್ತಕ ಬಹುಮಟ್ಟಿಗೆ ನೆನಪಿನಿಂದಲೇ ಬಂದದ್ದು. ಜನಸಂಖ್ಯೆಯ ಮಟ್ಟಿಗೆ ಅವರ ದೊಡ್ಡ ಕೊಡುಗೆ ‘ಪ್ರಬಲ ಜಾತಿ’ಯ ಕಲ್ಪನೆ. ತಲೆಯೆಣಿಕೆಯ ಬಲ ಜಮೀನಿನ ಜೊತೆ ಸೇರಿದಾಗಲೇ ಅಧಿಕಾರವಾಗುತ್ತದೆ ಎಂದು ಅವರು ತೋರಿಸಿದರು. ಮನೆಯ ವಿಷಯಕ್ಕೆ ಬಂದರೆ ಅವರ ನೋಟಕ್ಕೆ ಒಂದು ಮಿತಿಯಿತ್ತು, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಹಳ್ಳಿಯನ್ನು ಅವರು ಹೆಚ್ಚಾಗಿ ಜಮೀನ್ದಾರ ಮೇಲುಜಾತಿಯ ಜಗಲಿಯಿಂದ ಕಂಡವರು. ಅವಿಭಕ್ತವಾಗಿ ಉಳಿಸಿಕೊಳ್ಳಲು ಏನಾದರೂ ಇದ್ದದ್ದು ಅಂಥವರಿಗೇ. ಕೂಲಿಯವನ ಮಗ ಮದುವೆಯಾದ ಮೇಲೆ ಬೇರೆ ಗುಡಿಸಲು ಹಾಕಿಕೊಂಡರೆ ಪಾಲುಪಾರೀಖತ್ತು ಬರೆಯುವ ಪ್ರಮೇಯವೇ ಇರಲಿಲ್ಲ. ಒಟ್ಟು ಕುಟುಂಬ ಇಡೀ ಹಳ್ಳಿಯ ಪದ್ಧತಿಯಾಗಿತ್ತು ಎಂಬ ನಂಬಿಕೆಯಲ್ಲಿ ಈ ಜಗಲಿ ನೋಟದ ಪಾಲು ದೊಡ್ಡದು.

ಈ ಕ್ಷೇತ್ರದಲ್ಲಿ ನಿಜವಾದ ತಿರುವು ಕೊಟ್ಟವರು, ನನ್ನ ಅಂದಾಜಿನಲ್ಲಿ, ಸ್ಕಾರ್ಲೆಟ್ ಎಪ್‌ಸ್ಟೈನ್. 1954-56ರಲ್ಲಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅವರು ಕೆಲಸ ಮಾಡಿದರು. ವಂಗಲ, ದಲೇನ ಎಂಬುವು ಅವರೇ ಇಟ್ಟ ಹೆಸರುಗಳು. ಮೊದಲನೆಯದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯಿತು, ಕಬ್ಬು ಬಂತು. ಎರಡನೆಯದು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಒಣ ಊರಾಗಿಯೇ ಉಳಿಯಿತು. ಅಲ್ಲಿಯ ಜನ ಮಂಡ್ಯದಲ್ಲಿ ನೌಕರಿ ಹಿಡಿದರು, ವ್ಯಾಪಾರಕ್ಕಿಳಿದರು, ಪಕ್ಕದ ನೀರಾವರಿ ಊರುಗಳಲ್ಲಿ ಜಮೀನು ಕೊಂಡರು. ಕೈಗೆ ನಗದು ಬಂದಂತೆ ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ ಎಂಬುದು 1962ರ ಅವರ ಪುಸ್ತಕದ ಒಂದು ಮುಖ್ಯ ತೀರ್ಮಾನ. ಎಲ್ಲರೂ ನಿರೀಕ್ಷಿಸುತ್ತಿದ್ದ ಉತ್ತರವೂ ಇದೇ ಆಗಿತ್ತು. ಆದರೆ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿದಾಗ ಅವರು ಕಂಡದ್ದು ಬೇರೆ. ಅಣ್ಣತಮ್ಮಂದಿರ ಮನೆ ಬೇರೆ, ಅಡುಗೆ ಬೇರೆ, ಆದರೆ ಬೇಸಾಯದ ಉಸ್ತುವಾರಿಯಲ್ಲಿ, ಬಂದದ್ದರಲ್ಲಿ, ಖರ್ಚಿನಲ್ಲಿ ಪಾಲುದಾರಿಕೆ. 1973ರ ಪುಸ್ತಕದಲ್ಲಿ ಇದನ್ನು ಅವರು ‘ಪಾಲುಗಾರಿಕೆ ಕುಟುಂಬ’ ಎಂಬ ಅರ್ಥದ ಹೊಸ ಹೆಸರಿನಿಂದ ಕರೆದರು. ಓರಗಿತ್ತಿಯರ ಜಗಳ ತಪ್ಪಿತು, ಗದ್ದೆ ತುಂಡಾಗಲಿಲ್ಲ. ಅವರು ಒಂದೇ ಸಲ ಬಂದು ಹೋಗಿದ್ದರೆ ಈ ಸಂಗತಿ ದಾಖಲಾಗುತ್ತಲೇ ಇರಲಿಲ್ಲ.

ಅದೇ 1973ರಲ್ಲಿ ಶ್ರೀನಿವಾಸರ ಶಿಷ್ಯ ಎ. ಎಂ. ಶಾ, ಗುಜರಾತಿನ ಒಂದು ಹಳ್ಳಿಯನ್ನು ಆಧಾರವಾಗಿಟ್ಟುಕೊಂಡು, ಮನೆವಾರ್ತೆ ಮತ್ತು ಕುಟುಂಬ ಎರಡೂ ಒಂದೇ ಅಲ್ಲ ಎಂದು ಖಚಿತವಾಗಿ ವಾದಿಸಿದರು. ಜನಗಣತಿಯ ಪ್ರಕಾರ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಮನೆವಾರ್ತೆ. ಎಣಿಕೆಗೆ ಇದು ಒಳ್ಳೆಯ ಅಳತೆ, ಆದರೆ ಅದು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಇಂದು ಗಂಡ ಹೆಂಡತಿ ಮಕ್ಕಳಷ್ಟೇ ಇರುವ ಮನೆಗೆ ನಾಳೆ ಸೊಸೆ ಬರುತ್ತಾಳೆ, ಮೊಮ್ಮಗು ಹುಟ್ಟುತ್ತದೆ, ಮುಂದೆ ಮತ್ತೆ ಪಾಲಾಗುತ್ತದೆ. ಸರಾಸರಿಯೂ ಇಲ್ಲಿ ಮೋಸ ಮಾಡುತ್ತದೆ. ಹತ್ತು ಮನೆಗಳ ಒಂದು ಕೇರಿಯಲ್ಲಿ ಮೂರು ಮನೆಗಳಲ್ಲಿ ತಲಾ ಒಂಬತ್ತು ಜನ, ಏಳರಲ್ಲಿ ತಲಾ ಮೂವರು ಇದ್ದಾರೆ ಎಂದುಕೊಳ್ಳಿ. ಒಟ್ಟು 48 ಜನ, ಸರಾಸರಿ 4.8. ಮನೆಗಳಲ್ಲಿ ಹೆಚ್ಚಿನವು ಚಿಕ್ಕವೇ, ಆದರೆ 27 ಜನ, ಎಂದರೆ ಅರ್ಧಕ್ಕಿಂತ ಹೆಚ್ಚು ಮಂದಿ, ಇರುವುದು ದೊಡ್ಡ ಮನೆಗಳಲ್ಲಿ. ಗೇಟ್ ಅವರ 4.9ರಿಂದ ಒಟ್ಟು ಕುಟುಂಬವೇ ಇರಲಿಲ್ಲ ಎನ್ನುವುದೂ ತಪ್ಪು, ಎಲ್ಲೆಲ್ಲೂ ಇತ್ತು ಎನ್ನುವುದೂ ತಪ್ಪು. ಇನ್ನೊಂದು ಸಂಗತಿಯಿದೆ: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಇಪ್ಪತ್ತರಿಂದ ಇಪ್ಪತ್ತೈದು ವರ್ಷದ ಆಸುಪಾಸು. ಶಿಶುಮರಣವೇ ಅದನ್ನು ಅಷ್ಟು ಕೆಳಗೆ ಎಳೆದಿತ್ತು ನಿಜ, ಆದರೂ ಮೊಮ್ಮಕ್ಕಳನ್ನು ಆಡಿಸುವಷ್ಟು ಕಾಲ ಅಜ್ಜ ಅಜ್ಜಿ ಇಬ್ಬರೂ ಬದುಕಿರುವುದು ಇಂದಿನಷ್ಟು ಸಾಮಾನ್ಯವಾಗಿರಲಿಲ್ಲ. ಮೂರು ತಲೆಮಾರಿನ ಮನೆಯನ್ನು ಆಗ ಸಾವೇ ಮೊಟಕುಗೊಳಿಸುತ್ತಿತ್ತು.

1951ರಲ್ಲಿ ಐದಕ್ಕೆ ತುಸು ಕಡಿಮೆಯಿದ್ದ ದೇಶದ ಸರಾಸರಿ ಮನೆಯ ಗಾತ್ರ 1991ರ ಹೊತ್ತಿಗೆ ಐದೂವರೆಯ ಸುಮಾರಿಗೆ ಏರಿತ್ತು. ಕುಟುಂಬ ಒಡೆಯುತ್ತಿದೆ ಎಂದು ಎಲ್ಲರೂ ಹಲುಬುತ್ತಿದ್ದ ದಶಕಗಳು ಇವೇ. ಬದುಕುಳಿದ ಮಕ್ಕಳ ಸಂಖ್ಯೆಯೂ ಈ ಏರಿಕೆಗೆ ಕಾರಣ, ಆದ್ದರಿಂದ ಇದನ್ನೇ ಒಟ್ಟು ಕುಟುಂಬದ ಗೆಲುವು ಎನ್ನಲಾಗದು. ಆಮೇಲಿನ ಇಳಿಕೆಯನ್ನೂ ಅಷ್ಟೇ ಎಚ್ಚರದಿಂದ ಓದಬೇಕು. 2011ರಲ್ಲಿ ಕರ್ನಾಟಕದ 6.11 ಕೋಟಿ ಜನ ಸುಮಾರು 1.3 ಕೋಟಿ ಮನೆಗಳಲ್ಲಿದ್ದರು, ಮನೆಗೆ ನಾಲ್ಕೂವರೆಗಿಂತ ತುಸು ಹೆಚ್ಚು. ಇದರ ಹಿಂದೆ ಪಾಲಾಟಕ್ಕಿಂತ ದೊಡ್ಡ ಕಾರಣ ಹೆರಿಗೆಯ ಇಳಿಕೆ. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದ ಸಂಸ್ಥಾನ ಮೈಸೂರು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಎಷ್ಟು ಮಕ್ಕಳು ಸಾಕು ಎಂದು ಇಲ್ಲಿಯ ದಂಪತಿಗಳನ್ನೇ ಕೇಳಿತ್ತು. ಎಪ್ಪತ್ತರ ದಶಕದ ಕೊನೆಯಿಂದ ಜಾನ್ ಕಾಲ್ಡ್‌ವೆಲ್, ಪಿ. ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ಬೆಂಗಳೂರಿನ ಪಶ್ಚಿಮದ ಹಳ್ಳಿಗಳಲ್ಲಿ ಪ್ರಶ್ನಾವಳಿಗೆ ಅಂಟಿಕೊಳ್ಳದೆ ಮಾತಿಗೆ ಕೂತು, ಹೊಲಕ್ಕೆ ಆಳಾಗುತ್ತಿದ್ದ ಮಕ್ಕಳು ಶಾಲೆಯ ಖರ್ಚಾಗಿ ಬದಲಾದುದನ್ನೂ ಹುಡುಗಿಯರ ಮದುವೆ ತಡವಾದುದನ್ನೂ ದಾಖಲಿಸಿದರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವಂತಿಕೆ ದರ 1.7. ಮನೆಗೊಬ್ಬನೇ ಮಗನಾದಾಗ ಅಣ್ಣತಮ್ಮಂದಿರು ಕೂಡಿ ಬಾಳುವ ಪ್ರಶ್ನೆಯೇ ಏಳುವುದಿಲ್ಲ.

ಒಡೆದದ್ದು ಒಲೆಯಷ್ಟೇ ಎಂಬ ಈ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದೇ: ಊರಲ್ಲಿ ಮುದುಕರಿಬ್ಬರೇ ಉಳಿದು ಮಗ ಸೊಸೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದರೆ ಅದನ್ನು ಒಡೆದ ಕುಟುಂಬ ಎನ್ನದೆ ಇನ್ನೇನು ಎನ್ನಬೇಕು? ಆ ಮುದುಕರ ಒಂಟಿತನ ನಿಜ, ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಕರೆದೊಯ್ಯುವವರಿಲ್ಲದ್ದೂ ನಿಜ. ತಿಂಗಳಿಗೊಮ್ಮೆ ಬರುವ ಫೋನ್‌ಪೇ ಹಣ ಅದಕ್ಕೆ ಪರಿಹಾರವಲ್ಲ. ಆದರೆ ಇದು ವಲಸೆಯ ಫಲವೇ ಹೊರತು ಪಾಲಿನದಲ್ಲ. ಇಲ್ಲಿ ಪಾಲುಪಾರೀಖತ್ತೂ ಇಲ್ಲ, ಮನಸ್ತಾಪವೂ ಇಲ್ಲದಿರಬಹುದು. ಊರಿನ ಬೋರ್‌ವೆಲ್‌ಗೆ ಮಗನ ಸಂಬಳ, ನಗರದ ಅಡುಗೆಮನೆಗೆ ಊರಿನ ರಾಗಿ, ಬಾಣಂತನಕ್ಕೆ ಹಳ್ಳಿಯ ಮನೆ. ಜನಗಣತಿಯ ಹಾಳೆಯಲ್ಲಿ ಇವು ಎರಡು ಜಿಲ್ಲೆಗಳ ಎರಡು ಮನೆವಾರ್ತೆಗಳು. ಎಪ್‌ಸ್ಟೈನ್ ಒಂದೇ ಊರಿನೊಳಗೆ ಕಂಡದ್ದು ಈಗ ನೂರು ಮೈಲಿ ಚಾಚಿಕೊಂಡಿದೆ. ಇದಕ್ಕೆ ನೈತಿಕ ಕುಸಿತದ ಬಣ್ಣ ಹಚ್ಚಿದರೆ ಮುದುಕರಿಗೆ ಬೇಕಾದ ವೈದ್ಯಸೇವೆಯ ಮಾತು ಹಿಂದೆ ಸರಿದು ಸೊಸೆಯ ಮೇಲೆ ಗೂಬೆ ಕೂರಿಸುವ ಕೆಲಸವಷ್ಟೇ ಆಗುತ್ತದೆ.

ಈಚೆಗೆ ಮನೆಯನ್ನು ಎಣಿಸುವ ಬಗೆಗಳು ಹೆಚ್ಚಾಗಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. 2023ರ ಗೃಹಲಕ್ಷ್ಮಿ ಯೋಜನೆ ಪಡಿತರ ಚೀಟಿಯಲ್ಲಿರುವ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದಾಗ, ಯಜಮಾನಿ ಅತ್ತೆಯೋ ಸೊಸೆಯೋ ಎಂಬುದು ಎಷ್ಟೋ ಮನೆಗಳಲ್ಲಿ ದುಡ್ಡಿನ ಪ್ರಶ್ನೆಯಾಯಿತು. ಒಂದೇ ಒಲೆಯಲ್ಲಿ ಉಣ್ಣುವವರಿಗೂ ಚೀಟಿ ಬೇರೆ ಮಾಡಿಸಿಕೊಳ್ಳಲು ಕಾರಣ ಸಿಕ್ಕಿತು. 2025ರ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ವಿದ್ಯುತ್ ಮೀಟರಿನ ಆರ್‌.ಆರ್‌. ಸಂಖ್ಯೆಯಿಂದ ಮನೆ ಗುರುತಿಸಿ ಬಾಗಿಲಿಗೆ ಚೀಟಿ ಅಂಟಿಸಿತು. ಅದೇ ಹೊತ್ತಿಗೆ ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇನ್ನೂ ಕೂತಿರಬಹುದು, ಪೌತಿ ಖಾತೆ ಆಗದೆ ಮೂರು ಒಲೆಗಳು ಆ ಒಂದೇ ಸರ್ವೆ ನಂಬರಿನಲ್ಲಿ ಬಾಯಿಮಾತಿನ ಪಾಲಿನ ಮೇಲೆ ಉಳುತ್ತಿರಬಹುದು. ಮಗಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿದ್ದರೂ ಆ ಬಾಯಿಮಾತಿನ ಪಾಲಿನಲ್ಲಿ ಅವಳ ಹೆಸರು ಬರುವುದು ಅಪರೂಪ. 2027ರ ಜನಗಣತಿ ಮತ್ತೆ ಅಡುಗೆಮನೆಯ ಲೆಕ್ಕವನ್ನೇ ಕೊಡಲಿದೆ, ಕೊಡಲಿ. ಸಂಶೋಧಕರು ಮಾಡಬೇಕಾದ ಕೆಲಸ ಬೇರೆಯಿದೆ. ಒಂದೇ ಹಳ್ಳಿಯ ಪಡಿತರ ಚೀಟಿ, ಮೀಟರು, ಪಹಣಿ, ಜನಗಣತಿ ಇಷ್ಟನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಮನೆಗಳ ಸಂಖ್ಯೆ ತಾಳೆಯಾಗುವುದಿಲ್ಲವೋ ಅಲ್ಲಿಯ ಬಾಗಿಲು ತಟ್ಟಿ, ಗದ್ದೆಯ ದುಡ್ಡು ಯಾರ ಕೈಯಲ್ಲಿ ಸೇರುತ್ತದೆ, ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳಬೇಕು. ಹತ್ತು ಹದಿನೈದು ವರ್ಷ ಬಿಟ್ಟು ಅದೇ ಬಾಗಿಲಿಗೆ ಮತ್ತೆ ಹೋಗಬೇಕು.